ಬ್ಯಾರೆಲ್ ನಿಜವಾಗಿ ಸವೆದಿದೆಯೇ? ವಾರಂಟಿಗೆ ಹೋಗಿ ಹಾಗೆಯೇ ಮರಳಿದ ಪಿಸ್ತೂಲಿನ ಬಗ್ಗೆ

ಪ್ರಶ್ನೆ: ನಾಲ್ಕು ವರ್ಷದಿಂದ 9 ಎಂಎಂ ಪಿಸ್ತೂಲಿನಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದೇನೆ. ಇಲ್ಲಿಯವರೆಗೆ ಸುಮಾರು 18,000 ಗುಂಡು ಹಾರಿರಬಹುದು. ಮೊದಲ ಮೂರು ವರ್ಷ ಕಾರ್ಖಾನೆಯ ತಾಮ್ರದ ಹೊದಿಕೆಯ ಗುಂಡು, ಕಳೆದ ಒಂದು ವರ್ಷ ಕ್ಲಬ್ಬಿನಲ್ಲಿ ರೀಲೋಡ್ ಮಾಡಿದ (ಹಾರಿಸಿದ ಖಾಲಿ ಹಿತ್ತಾಳೆ ಕವಚಕ್ಕೆ ಮತ್ತೆ ಪುಡಿ, ಗುಂಡು ತುಂಬಿದ) ಸೀಸದ ಗುಂಡು. 25 ಮೀಟರಿನಲ್ಲಿ 6 ಸೆಂ.ಮೀ. ಒಳಗೆ ಕೂರುತ್ತಿದ್ದ ಗ್ರೂಪ್ (ಗುರಿಕಾಗದದ ಮೇಲೆ ತೂತುಗಳ ಹರವು) ಈಗ 14 ಸೆಂ.ಮೀ.ಗೆ ಹರಡಿದೆ. ಆಗೊಮ್ಮೆ ಈಗೊಮ್ಮೆ ಕಾಗದದ ಮೇಲೆ ಮೊಟ್ಟೆಯಾಕಾರದ ತೂತು ಬೀಳುತ್ತದೆ. ವಾರಂಟಿಯಲ್ಲಿ ಕಂಪನಿಗೆ ಕಳಿಸಿದೆ. ಏಳು ವಾರ ಇಟ್ಟುಕೊಂಡು, ‘ಬ್ಯಾರೆಲ್ ಮಿತಿಯೊಳಗಿದೆ, ಫೀಡ್ ರ‍್ಯಾಂಪ್ ಪಾಲಿಶ್ ಮಾಡಿದೆ, ರಿಕಾಯಿಲ್ ಸ್ಪ್ರಿಂಗ್ ಬದಲಿಸಿದೆ’ ಎಂಬ ಚೀಟಿಯೊಂದಿಗೆ ವಾಪಸ್ ಕಳಿಸಿದರು. ಗ್ರೂಪ್ ಮಾತ್ರ ಹಾಗೆಯೇ ಇದೆ. ಬ್ಯಾರೆಲ್ ಸವೆದಿದೆಯೇ? ಮತ್ತೆ ಕಂಪನಿಯ ಬೆನ್ನು ಹತ್ತಬೇಕೇ, ಹೊಸ ಬ್ಯಾರೆಲ್ ಕೊಳ್ಳಬೇಕೇ?

ಉತ್ತರ: ನೀವು ಕೊಟ್ಟ ವಿವರ ನೋಡಿದರೆ ಬ್ಯಾರೆಲ್ ಸವೆದಿರುವ ಸಾಧ್ಯತೆ ಕಡಿಮೆ, ಅದರೊಳಗೆ ಸೀಸ ಮೆತ್ತಿಕೊಂಡಿರುವ ಸಾಧ್ಯತೆ ಹೆಚ್ಚು. ಅದನ್ನು ತೆಗೆದು, ಅಳೆದು ನೋಡುವವರೆಗೆ ಕಂಪನಿಗೆ ಎರಡನೇ ಪತ್ರ ಬರೆಯಬೇಡಿ, ಹೊಸ ಬ್ಯಾರೆಲ್ಲಿಗೂ ದುಡ್ಡು ಹಾಕಬೇಡಿ. ಆದರೆ ಇದೆಲ್ಲಕ್ಕಿಂತ ಮುಂಚೆ ಆಗಬೇಕಾದ ಕೆಲಸ ಬೇರೆ ಇದೆ. ಅವರು ಪಾಲಿಶ್ ಮಾಡಿದ ಆ ಫೀಡ್ ರ‍್ಯಾಂಪನ್ನು ಪರೀಕ್ಷಿಸದೆ ಇನ್ನೊಂದು ಗುಂಡನ್ನೂ ಹಾರಿಸಬೇಡಿ.

ಮ್ಯಾಗಜೀನಿನಿಂದ ಮೇಲೇಳುವ ಕಾರ್ಟ್ರಿಜ್ (ಕೇಸ್ ಎಂಬ ಕವಚ, ಅದರೊಳಗೆ ಪುಡಿ, ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ತುದಿಯಲ್ಲಿ ಗುಂಡು) ಜಾರಿಕೊಂಡು ಬ್ಯಾರೆಲ್ಲಿನ ಹಿಂತುದಿಯ ಗೂಡಾದ ಚೇಂಬರ್ ಸೇರುವ ದಾರಿಯೇ ಫೀಡ್ ರ‍್ಯಾಂಪ್. ಚೇಂಬರಿನ ಬಾಯಿಯ ಕೆಳಭಾಗವನ್ನು ಕೊಂಚ ಕೊರೆದೇ ಈ ದಾರಿ ಮಾಡಿರುತ್ತಾರೆ, ಹಾಗಾಗಿ ಅಷ್ಟು ಜಾಗದಲ್ಲಿ ಕೇಸಿಗೆ ಉಕ್ಕಿನ ಆಸರೆ ಇರುವುದಿಲ್ಲ. ಹಿತ್ತಾಳೆ ಕೇಸಿನ ಬುಡ ಗಟ್ಟಿಯಾಗಿರುವುದು ಕೆಲವೇ ಮಿಲಿಮೀಟರ್ ಎತ್ತರಕ್ಕೆ, ಆಮೇಲೆ ಗೋಡೆ ತೆಳುವಾಗುತ್ತ ಹೋಗುತ್ತದೆ. 9×19 (ಸಾಮಾನ್ಯವಾಗಿ 9 ಎಂಎಂ ಎನ್ನುವ) ಕಾರ್ಟ್ರಿಜ್‌ಗೆ ಬಂದೂಕು ಪರೀಕ್ಷೆಯ ಅಂತರರಾಷ್ಟ್ರೀಯ ಸಂಸ್ಥೆ ಸಿ.ಐ.ಪಿ. ನಿಗದಿ ಮಾಡಿರುವ ಗರಿಷ್ಠ ಒತ್ತಡ 2,350 ಬಾರ್. ಬರೀ ಮೇಲ್ಮೈಗೆ ಹೊಳಪು ಕೊಟ್ಟಿದ್ದರೆ ಚಿಂತೆಯಿಲ್ಲ. ಹೊಳಪು ಕೊಡುವ ಭರದಲ್ಲಿ ರ‍್ಯಾಂಪಿನ ಮೇಲಂಚನ್ನು ಚೇಂಬರಿನೊಳಕ್ಕೆ ಅರ್ಧ ಮಿಲಿಮೀಟರ್ ತಿಂದುಹಾಕಿದ್ದರೆ ತೆಳುಗೋಡೆ ಬಯಲಿಗೆ ಬಂದು ಕೇಸ್ ಅಲ್ಲೇ ಒಡೆಯಬಹುದು. ಆಗ ಬಿಸಿ ಅನಿಲ ಮ್ಯಾಗಜೀನಿನ ಕಡೆಗೆ ನುಗ್ಗುತ್ತದೆ. ಹಿಡಿಕೆಯೂ ಕೈಯೂ ಎರಡೂ ಅದರ ದಾರಿಯಲ್ಲೇ ಇವೆ.

ಪರೀಕ್ಷೆ ಕಷ್ಟವಲ್ಲ. ಮ್ಯಾಗಜೀನ್ ತೆಗೆಯಿರಿ, ಚೇಂಬರ್ ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ, ಕಾರ್ಟ್ರಿಜ್‌ಗಳನ್ನು ಬೇರೆ ಕೋಣೆಯಲ್ಲಿಡಿ, ಆಮೇಲೆ ಬ್ಯಾರೆಲ್ ಹೊರತೆಗೆಯಿರಿ. ಪ್ರೈಮರ್, ಪುಡಿ ಯಾವುದೂ ಇಲ್ಲದ ಖಾಲಿ ಕೇಸನ್ನು ಚೇಂಬರಿಗೆ ಬಿಟ್ಟು ರ‍್ಯಾಂಪಿನ ಕಡೆಯಿಂದ ನೋಡಿ. ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆ ಹಿಡಿಯುವ ಕೇಸಿನ ಬುಡದ ತೋಡಿನಿಂದ ಮುಂದಕ್ಕೆ ಎಷ್ಟು ಗೋಡೆ ಬತ್ತಲಾಗಿ ಕಾಣುತ್ತದೆ ಎಂಬುದನ್ನು ಅದೇ ಮಾದರಿಯ ಇನ್ನೊಂದು ಪಿಸ್ತೂಲಿನ ಬ್ಯಾರೆಲ್ಲಿನೊಂದಿಗೆ ಹೋಲಿಸಿ. ದುರಸ್ತಿಯಾಗಿ ಬಂದ ಮೇಲೆ ಹಾರಿಸಿದ ಕೇಸುಗಳು ಇದ್ದರೆ ಇನ್ನೂ ಒಳ್ಳೆಯದು, ಒಂದೊಂದನ್ನೇ ಗಾಜಿನ ಹಲಗೆಯ ಮೇಲೆ ಉರುಳಿಸಿ. ಬುಡದ ಹತ್ತಿರ ಒಂದೇ ಪಕ್ಕದಲ್ಲಿ ಬಾಳೆಹಣ್ಣಿನ ಬಾಗಿನಂಥ ಉಬ್ಬು ಇದ್ದರೆ ಕೇಸ್ ಕುಂಟುತ್ತ ಉರುಳುತ್ತದೆ. ಹಳೆಯ ಕೇಸುಗಳಲ್ಲಿ ಇಲ್ಲದ ಉಬ್ಬು ಹೊಸದರಲ್ಲಿ ಕಂಡರೆ ಪಿಸ್ತೂಲನ್ನು ಅಲ್ಲಿಗೇ ನಿಲ್ಲಿಸಿ. ಆಗ ನಿಮ್ಮ ದೂರು ನಿಖರತೆಯದಲ್ಲ, ಸುರಕ್ಷತೆಯದು. ಎರಡೂ ಕೇಸುಗಳ ಫೋಟೊ ಸಮೇತ ಅದೇ ದಿನ ಕಂಪನಿಗೆ ಬರೆಯಿರಿ. ಬ್ಯಾರೆಲ್ ಬದಲಿಸದೆ ಅದಕ್ಕೆ ಬೇರೆ ಪರಿಹಾರವಿಲ್ಲ.

ರ‍್ಯಾಂಪ್ ಸರಿಯಿದೆ ಎಂದಿಟ್ಟುಕೊಂಡು ಮುಂದೆ ಹೋಗೋಣ.

18,000 ಎಂದ ಕೂಡಲೇ ಬ್ಯಾರೆಲ್ ಮುಗಿಯಿತು ಎಂದುಕೊಳ್ಳುವುದು ರೈಫಲ್ಲಿನ ಲೆಕ್ಕವನ್ನು ಪಿಸ್ತೂಲಿಗೆ ಹಾಕಿದಂತೆ. .308 ರೈಫಲ್ ಕಾರ್ಟ್ರಿಜ್‌ನಲ್ಲಿ ಸುಮಾರು 2.7ರಿಂದ 3 ಗ್ರಾಂ ಪುಡಿ ಉರಿಯುತ್ತದೆ, ಗುಂಡು ಸೆಕೆಂಡಿಗೆ 800 ಮೀಟರಿನ ಆಸುಪಾಸಿನಲ್ಲಿ ಹೊರಡುತ್ತದೆ. 9 ಎಂಎಂನಲ್ಲಿ ಉರಿಯುವ ಪುಡಿ ಸಾಮಾನ್ಯವಾಗಿ 0.3ರಿಂದ 0.4 ಗ್ರಾಂ, ವೇಗ 350 ಮೀಟರಿನ ಆಚೀಚೆ. ರೈಫಲ್ ಬ್ಯಾರೆಲ್ಲನ್ನು ಮೊದಲು ತಿನ್ನುವುದು ಗುಂಡಿನ ಉಜ್ಜಾಟಕ್ಕಿಂತ ಹೆಚ್ಚಾಗಿ ಚೇಂಬರಿನ ಮುಂದಿನ ಕಂಠಭಾಗವನ್ನು ಸುಡುವ ಬಿಸಿ ಅನಿಲ. ಬತ್ತಿದ ಕೆರೆಯಂಗಳದ ಹಾಗೆ ಉಕ್ಕು ಬಿರುಕುಬಿರುಕಾಗುತ್ತದೆ. ಪಿಸ್ತೂಲಿನಲ್ಲಿ ಆ ಉರಿ ಅಷ್ಟಿಲ್ಲ. ತಾಮ್ರದ ಹೊದಿಕೆಯ ಗುಂಡು ಹಾರಿಸಿದ, ಸ್ಪ್ರಿಂಗನ್ನು ಕಾಲಕಾಲಕ್ಕೆ ಬದಲಿಸಿದ 9 ಎಂಎಂ ಬ್ಯಾರೆಲ್ಲಿನ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಒಳಗಿನ ಸುರುಳಿ: ಉಬ್ಬಿದ ಏಣು, ಅವುಗಳ ನಡುವಿನ ತೋಡು) 18,000ಕ್ಕೇ ಕೈಕೊಡುವುದು ಅಪರೂಪ. ಕೈಕೊಟ್ಟರೆ ಅದಕ್ಕೊಂದು ನಿರ್ದಿಷ್ಟ ಕಾರಣ ಇರುತ್ತದೆ: ತೆಳುವಾಗಿ ತಾಮ್ರ ಬಳಿದ ಉಕ್ಕಿನ ಹೊದಿಕೆಯ ಗುಂಡು (ಬಿಡಿ ಗುಂಡಿಗೆ ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ, ಇಡೀ ಕಾರ್ಟ್ರಿಜ್‌ಗೆ ಹಿಡಿದರೆ ಉಕ್ಕಿನ ಕೇಸೂ ಸೆಳೆದು ದಾರಿ ತಪ್ಪಿಸುತ್ತದೆ), ಹಳೆಯ ಮಾದರಿಯ ಉಪ್ಪು ಉಳಿಸುವ ಪ್ರೈಮರ್ ಬಳಸಿ ನೀರಿನಲ್ಲಿ ತೊಳೆಯದೇ ಬಿಟ್ಟದ್ದು, ಪಾಲಿಶ್ ಪೇಸ್ಟ್ ಹಾಕಿ ಉಜ್ಜಿದ್ದು, ಉಕ್ಕಿನ ಬ್ರಷ್, ಅಥವಾ ಕಾರ್ಖಾನೆಯಲ್ಲೇ ಉಕ್ಕನ್ನು ಹದ ಮಾಡುವಾಗ ಆದ ತಪ್ಪು. ಈ ಕೊನೆಯದಕ್ಕೆ ಮಾತ್ರ ಕಂಪನಿ ಹೊಣೆ.

ಹೊರಗೆ ಕಾಣುವ ಸವೆತ ನೋಡಿ ಹೆದರಿದ್ದರೆ ಬಿಡಿ. ಬ್ಯಾರೆಲ್ ಮೂತಿಯ ಹತ್ತಿರ ಬಣ್ಣ ಹೋಗಿ ಮೂಡುವ ಅರ್ಧಚಂದ್ರ, ಹುಡ್ (ಚೇಂಬರಿನ ಮೇಲ್ಭಾಗ) ಮೇಲಿನ ಬಿಳಿ ಪಟ್ಟೆ, ಕೆಳಗಿನ ಲಗ್ಗಿನ (ಬ್ಯಾರೆಲ್ಲಿನಡಿಯ ಉಕ್ಕಿನ ಮುಂಚಾಚು) ಹೊಳೆಯುವ ಮೂಲೆ, ಇವೆಲ್ಲ ಸ್ಲೈಡ್ (ಹಿಂದೆ ಮುಂದೆ ಜಾರುವ ಪಿಸ್ತೂಲಿನ ಮೇಲ್ಭಾಗ) ತಾಗಿ ಲೇಪನ ಹೋದ ಗುರುತು. ಉಕ್ಕು ಮಡಚಿಕೊಂಡು ಅಂಚು ಎದ್ದಿದ್ದರೆ, ಲಗ್ಗಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಮಾತ್ರ ಅದು ಬೇರೆ ಮಾತು.

ಈಗ ಆ ಮೊಟ್ಟೆಯಾಕಾರದ ತೂತು. ನಿಮ್ಮ ಪ್ರಶ್ನೆಯಲ್ಲಿ ಅತಿ ಬೆಲೆಯುಳ್ಳ ಸುಳಿವು ಅದೇ. ರೈಫ್ಲಿಂಗ್ ಗುಂಡನ್ನು ಹಿಡಿದು ತಿರುಗಿಸಿದರೆ ಅದು ಮೂತಿ ಮುಂದಾಗಿಯೇ ಹೋಗಿ ದುಂಡನೆ ತೂತು ಮಾಡುತ್ತದೆ. ಹಿಡಿತ ಜಾರಿದರೆ ಓಲಾಡುತ್ತ ಹೋಗಿ ಅಡ್ಡಡ್ಡ ಬಡಿಯುತ್ತದೆ. ಹೊದಿಕೆಯ ಗುಂಡಿನಲ್ಲೂ ಹೀಗಾಗುತ್ತಿದೆಯೋ, ಸೀಸದ್ದರಲ್ಲಿ ಮಾತ್ರವೋ ಎಂದು ನೀವು ಬರೆದಿಲ್ಲ. ಸೀಸದ್ದರಲ್ಲಿ ಮಾತ್ರವಾದರೆ ರೈಫ್ಲಿಂಗನ್ನು ದೂರುವ ಮುಂಚೆ ಎರಡು ಕಾರಣ ನೋಡಬೇಕು. ಒಂದು, ಗುಂಡು ಬ್ಯಾರೆಲ್ಲಿಗಿಂತ ಸಣ್ಣದು. ಇನ್ನೊಂದು, ತೋಡುಗಳಲ್ಲಿ ಸೀಸ ತುಂಬಿ ಏಣುಗಳಿಗೆ ಹಿಡಿಯಲು ಜಾಗವೇ ಉಳಿದಿಲ್ಲ. ಮೊದಲನೆಯದು ಎರಡನೆಯದನ್ನು ಹುಟ್ಟಿಸುತ್ತದೆ.

ಬ್ಯಾರೆಲ್ ಬಿಚ್ಚಿ, ಚೇಂಬರಿನ ಕಡೆ ಬಿಳಿ ಕಾಗದ ಹಿಡಿದು, ಅದರ ಮೇಲೆ ಟಾರ್ಚ್ ಬಿಟ್ಟು ಮೂತಿಯಿಂದ ನೋಡಿ. ಚೊಕ್ಕ ಬ್ಯಾರೆಲ್ಲಿನಲ್ಲಿ ಏಣಿನ ಅಂಚು ಚೂರಿಯಿಂದ ಗೀರಿದಂತೆ ಸ್ಪಷ್ಟವಾಗಿ ಸುರುಳಿ ಸುತ್ತಿಕೊಂಡು ಹೋಗುತ್ತದೆ. ಸೀಸ ಕೂತಿದ್ದರೆ ಏಣು ಸೇರುವ ಮೂಲೆಯಲ್ಲಿ ಬೂದು ಬಣ್ಣದ ಒರಟು ಪಟ್ಟಿ, ಕೆಲವೆಡೆ ಬೆಳ್ಳಿ ಹಾಳೆ ಅಂಟಿಸಿದಂತೆ ಹೊಳಪು ಕಾಣುತ್ತದೆ. ಏಣಿನ ಅಂಚು ಕರಗಿದಂತೆ ಮಸುಕಾಗಿರುತ್ತದೆ. ಇದನ್ನೇ ನೋಡಿ ಎಷ್ಟೋ ಜನ ರೈಫ್ಲಿಂಗ್ ಸವೆದಿದೆ ಎಂದು ತೀರ್ಮಾನಿಸುತ್ತಾರೆ. ಸೀಸ ಎಲ್ಲಿ ಕೂತಿದೆ ಎಂಬುದನ್ನೂ ಗುರುತಿಟ್ಟುಕೊಳ್ಳಿ. ಚೇಂಬರಿನ ಮುಂದೆಯೇ ಇದ್ದರೆ ಗುಂಡು ಸಣ್ಣದಾಗಿ ಅನಿಲ ಪಕ್ಕದಿಂದ ಸೋರಿ ಗುಂಡಿನ ಬುಡದಂಚನ್ನು ಕತ್ತರಿಸುತ್ತಿದೆ, ಇಲ್ಲವೇ ಕಂಠಭಾಗ ಒರಟಾಗಿದೆ. ಮೂತಿಯ ಹತ್ತಿರ ಮಾತ್ರ ಇದ್ದರೆ ಗುಂಡಿಗೆ ಹಚ್ಚಿದ ಮೇಣ ಅರ್ಧ ದಾರಿಗೇ ಮುಗಿಯುತ್ತಿದೆ.

ತೆಗೆಯುವ ವಿಧಾನ: ಹಳೆಯ ಕಂಚಿನ ಬ್ರಷ್ಷಿಗೆ ಶುದ್ಧ ತಾಮ್ರದ ಉಜ್ಜುನಾರಿನ ಕೆಲವು ಎಳೆ ಸುತ್ತಿ, ಬ್ಯಾರೆಲ್ಲಿನಲ್ಲಿ ಬಿಗಿಯಾಗಿ ಹೋಗುವಷ್ಟು ದಪ್ಪ ಮಾಡಿ. ತಾಮ್ರದ ಬಣ್ಣ ಬಳಿದ ಉಕ್ಕಿನ ನಾರೂ ಮಾರಾಟಕ್ಕಿರುತ್ತದೆ, ಅಯಸ್ಕಾಂತ ಹಿಡಿದು ನೋಡಿಯೇ ಸುತ್ತಿ. ಬ್ಯಾರೆಲ್ ಒಳಗೆ ತೆಳುವಾಗಿ ಎಣ್ಣೆ ಸವರಿ, ಚೇಂಬರಿನ ಕಡೆಯಿಂದ ತೂರಿಸಿ, ಮೂತಿಯಾಚೆ ಪೂರ್ತಿ ಹೊರಬಂದ ಮೇಲೆ ಹಿಂದಕ್ಕೆ ಎಳೆಯಿರಿ. ನಡುವೆ ದಿಕ್ಕು ಬದಲಿಸಬೇಡಿ. ಇಪ್ಪತ್ತು ಮೂವತ್ತು ಸಲ ಆಡಿಸಿ ಬಟ್ಟೆ ಹಾಯಿಸಿದರೆ ಅದರ ಮೇಲೆ ಬೆಳ್ಳಿಯ ಚೂರು, ಸೂಜಿಯಂಥ ತುಣುಕು ಬೀಳುತ್ತವೆ. ಅವು ಬರುವುದು ನಿಲ್ಲುವವರೆಗೆ ಮುಂದುವರಿಸಿ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸಮಪಾಲು ಬೆರೆಸಿ ಬ್ಯಾರೆಲ್ ಮುಳುಗಿಸಿದರೆ ಸೀಸ ಕರಗುತ್ತದೆ ಎಂಬ ಸಲಹೆ ಕಿವಿಗೆ ಬಿದ್ದರೆ ಅದನ್ನು ಮಾಡಬೇಡಿ. ಕರಗುವುದೇನೋ ನಿಜ. ಆದರೆ ಹುಟ್ಟುವುದು ಲೆಡ್ ಅಸಿಟೇಟ್, ನೀರಿನಲ್ಲಿ ಬೆರೆಯುವ ವಿಷ. ಬ್ಯಾರೆಲ್ಲಿನ ಬ್ಲೂಯಿಂಗ್ (ತುಕ್ಕು ತಡೆಯುವ ಕಡುನೀಲಿ ಪದರ) ಕೂಡ ಹಾಳಾಗುತ್ತದೆ. ಉಜ್ಜಿದ ಬಟ್ಟೆಯನ್ನು ಮುಚ್ಚಿದ ಡಬ್ಬಿಗೆ ಹಾಕಿ, ಕೈಯನ್ನು ತಣ್ಣೀರು, ಸೋಪಿನಲ್ಲಿ ತೊಳೆಯಿರಿ. ಅಡುಗೆಮನೆಯಲ್ಲಿ ಈ ಕೆಲಸ ಬೇಡ.

ಬ್ಯಾರೆಲ್ ಚೊಕ್ಕವಾದ ಮೇಲೆ ಅಳತೆ. ಬ್ಯಾರೆಲ್ಲಿಗಿಂತ ಕೊಂಚ ದಪ್ಪನೆಯ, ಉಗುರಿಗೆ ಗೀರು ಬೀಳುವಷ್ಟು ಮೆತ್ತಗಿನ ಶುದ್ಧ ಸೀಸದ ತುಂಡು ತೆಗೆದುಕೊಂಡು, ಎಣ್ಣೆ ಸವರಿದ ಬ್ಯಾರೆಲ್ಲಿನೊಳಕ್ಕೆ ಮರದ ಅಥವಾ ಹಿತ್ತಾಳೆಯ ಕೋಲಿನಿಂದ ಮೆಲ್ಲಗೆ ತಟ್ಟಿ ಹಾಯಿಸಿ. ಹೊರಬರುವ ತುಂಡಿನ ಮೇಲೆ ರೈಫ್ಲಿಂಗಿನ ಅಚ್ಚು ಬಿದ್ದಿರುತ್ತದೆ. ಅದರ ಉಬ್ಬು ಭಾಗದ ವ್ಯಾಸ ಬ್ಯಾರೆಲ್ಲಿನ ತೋಡಿನದು, ತಗ್ಗಿನದು ಏಣಿನದು. 0.01 ಮಿ.ಮೀ. ತೋರಿಸುವ ಮೈಕ್ರೋಮೀಟರ್ ಬೇಕು, ವರ್ನಿಯರ್ ಕ್ಯಾಲಿಪರ್ ಸಾಲದು. ತೋಡುಗಳ ಸಂಖ್ಯೆ ಬೆಸವಾಗಿದ್ದರೆ ಎದುರುಬದುರು ಉಬ್ಬು ಸಿಗುವುದಿಲ್ಲ. ಅದಕ್ಕೆ ವಿ ಆಕಾರದ ಪೀಠವಿರುವ ಮೈಕ್ರೋಮೀಟರ್ ಇರುವ ವರ್ಕ್‌ಶಾಪ್ ಹುಡುಕಬೇಕಾಗುತ್ತದೆ. 9×19ಕ್ಕೆ ಸಿ.ಐ.ಪಿ. ಹೇಳುವ ಕನಿಷ್ಠ ಅಳತೆ ಏಣಿನಲ್ಲಿ 8.82 ಮಿ.ಮೀ., ತೋಡಿನಲ್ಲಿ 9.02 ಮಿ.ಮೀ. ಕಾರ್ಖಾನೆಯಿಂದ ಬರುವ ಬ್ಯಾರೆಲ್ ಇದಕ್ಕಿಂತ ಕೆಲವು ನೂರನೇ ಮಿಲಿಮೀಟರಿನಷ್ಟು ದೊಡ್ಡದಿರುವುದು ಸಾಮಾನ್ಯ.

‘ಮಿತಿಯೊಳಗಿದೆ’ ಎಂಬ ಅವರ ಮಾತು ನಿಜವಾಗಿದ್ದೂ ನಿಮ್ಮ ಗ್ರೂಪ್ ಕೆಟ್ಟಿರಬಹುದಾದದ್ದು ಇಲ್ಲೇ. ಹೊದಿಕೆಯ ಗುಂಡಿನ ವ್ಯಾಸ ಸುಮಾರು 9.02 ಮಿ.ಮೀ. ಸೀಸದ ಗುಂಡು ತೋಡಿನ ವ್ಯಾಸಕ್ಕಿಂತ ಸುಮಾರು 0.025 ಮಿ.ಮೀ. ದಪ್ಪ ಇರಬೇಕು, ಮಾರಾಟಕ್ಕೆ ಬರುವುದು ಹೆಚ್ಚಾಗಿ 9.04ರದ್ದು. ನಿಮ್ಮ ಬ್ಯಾರೆಲ್ ತೋಡು 9.06 ಅಳತೆ ಕೊಟ್ಟರೆ ಕಂಪನಿಯ ಪ್ರಕಾರ ಅದರಲ್ಲಿ ದೋಷವಿಲ್ಲ, ಹೊದಿಕೆಯ ಗುಂಡು ತಕ್ಕಮಟ್ಟಿಗೆ ಹೋಗುತ್ತದೆ, 9.04ರ ಸೀಸದ ಗುಂಡಿನ ಪಕ್ಕದಿಂದ ಮಾತ್ರ ಅನಿಲ ಸೋರುತ್ತಲೇ ಇರುತ್ತದೆ. ಅದಕ್ಕೆ ಮದ್ದು 9.06 ದಾಟಿದ ಗುಂಡು, ಹೊಸ ಬ್ಯಾರೆಲ್ ಅಲ್ಲ. ಹಾಗೆ ದಪ್ಪ ಗುಂಡು ಹಾಕಿದ ಕಾರ್ಟ್ರಿಜ್ ಬಿಚ್ಚಿಟ್ಟ ಬ್ಯಾರೆಲ್ಲಿನ ಚೇಂಬರಿಗೆ ತನ್ನ ಭಾರಕ್ಕೇ ಇಳಿದು, ತಲೆಕೆಳಗು ಮಾಡಿದರೆ ತಾನಾಗಿ ಬೀಳಬೇಕು. ರೀಲೋಡ್ ಮಾಡುವವರನ್ನು ಇನ್ನೊಂದು ಮಾತು ಕೇಳಿ: ಕೇಸಿನ ಬಾಯನ್ನು ಎಷ್ಟು ಬಿಗಿಯಾಗಿ ಒತ್ತುತ್ತಾರೆ? ಒಂದು ಕಾರ್ಟ್ರಿಜ್‌ನ ಗುಂಡನ್ನು ಪುಲ್ಲರಿನಲ್ಲಿ ಎಳೆಸಿ ಅಳೆಸಿ. ಒಳಗೆ ಹೋಗುವಾಗ 9.04 ಇದ್ದದ್ದು ಹೊರಬರುವಾಗ 9.00 ಆಗಿದ್ದರೆ ಒತ್ತಿದ್ದು ಹೆಚ್ಚಾಗಿ ಗುಂಡೇ ಸಣ್ಣದಾಗಿದೆ. ಸೀಸದ ಮೇಲೆ ತೆಳು ತಾಮ್ರ ಲೇಪಿಸಿದ ಗುಂಡುಗಳಲ್ಲಿ ಈ ಬಿಗಿತ ಲೇಪನವನ್ನೇ ಸೀಳಿ, ಅವೂ ಮೊಟ್ಟೆಯಾಕಾರದ ತೂತು ಮಾಡುತ್ತವೆ.

ಸೀಸದ ತುಂಡು ಹಾಯಿಸುವಾಗ ಕೈಗೆ ತಿಳಿಯುವುದು ಇನ್ನೊಂದಿದೆ. ಬಿಗಿತ ಉದ್ದಕ್ಕೂ ಒಂದೇ ಸಮ ಇರಬೇಕು. ನಡುವೆ ಒಂದು ಕಡೆ ತುಂಡು ಥಟ್ಟನೆ ಸಡಿಲವಾಗಿ ಮತ್ತೆ ಬಿಗಿಯಾದರೆ ಅಲ್ಲಿ ಬ್ಯಾರೆಲ್ ಉಂಗುರದಂತೆ ಉಬ್ಬಿದೆ. ಬೆಳಕಿಗೆ ಹಿಡಿದರೆ ಅದೇ ಜಾಗದಲ್ಲಿ ಕಪ್ಪು ಬಳೆಯ ನೆರಳು ಕಾಣುತ್ತದೆ. ಪುಡಿ ಕಡಿಮೆ ಬಿದ್ದ ಕಾರ್ಟ್ರಿಜ್‌ನ ಗುಂಡು ಬ್ಯಾರೆಲ್ಲಿನಲ್ಲೇ ನಿಂತು, ಅದರ ಹಿಂದೆ ಇನ್ನೊಂದು ಹಾರಿದರೆ ಆಗುವುದು ಇದು. ಶಬ್ದ ಪುಸ್ಸೆಂದಾಗ, ಕೈಗೆ ಒದೆತ ಕಡಿಮೆ ಬಂದಾಗ ನಿಲ್ಲಿಸಿ ಬ್ಯಾರೆಲ್ ನೋಡಬೇಕೆನ್ನುವುದು ಇದಕ್ಕೇ. ಉಂಗುರ ಬಿದ್ದ ಬ್ಯಾರೆಲ್ ಕೆಲವೊಮ್ಮೆ ಚೆನ್ನಾಗಿಯೇ ಗುರಿ ಮುಟ್ಟಿಸುತ್ತದೆ, ಆದರೂ ಅದನ್ನು ಬದಲಿಸಲೇಬೇಕು. ವಾರಂಟಿಯಲ್ಲಿ ಇದಕ್ಕೆ ಜಾಗವಿಲ್ಲ, ಕೇಳುವುದೂ ಸರಿಯಲ್ಲ.

ಮೂತಿಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಗುಂಡು ಕೊನೆಯದಾಗಿ ತಾಗುವ ಉಕ್ಕು ಅದು. ಸುತ್ತಲೂ ಒಂದೇ ಸಮನಾದ ಹೊಳೆವ ಗೆರೆ ಇರಬೇಕು. ಶುಚಿಗೊಳಿಸುವ ಸರಳನ್ನು ಮೂತಿಯ ಕಡೆಯಿಂದ ತೂರಿಸುವ ಅಭ್ಯಾಸವಿದ್ದರೆ ಒಂದು ಪಕ್ಕ ಸವೆದು ಅನಿಲ ಅಲ್ಲಿಂದ ಮೊದಲು ಹೊರಬಿದ್ದು ಗುಂಡನ್ನು ತಳ್ಳುತ್ತದೆ. ಬ್ಯಾರೆಲ್ ಬಿಚ್ಚಿ ಹೊರಬರುವ ಪಿಸ್ತೂಲಿನಲ್ಲಿ ಮೂತಿಯಿಂದ ಸರಳು ಹಾಕಲು ಕಾರಣವೇ ಇಲ್ಲ. ಈ ಅಂಚನ್ನು ಮಾತ್ರ ಅನುಭವಿ ಗನ್‌ಸ್ಮಿತ್ ಮರಳಿ ಕಡೆದು ಸರಿಪಡಿಸಬಲ್ಲರು.

ಬ್ಯಾರೆಲ್ ಒಳಗೆ ಎಲ್ಲ ಸರಿಯಿದ್ದೂ ಗ್ರೂಪ್ ಹರಡುವುದುಂಟು. ಮೊದಲು ಗುರಿ ಹಿಡಿಯುವ ಸೈಟ್ ನೋಡಿ. ರೆಡ್ ಡಾಟ್ (ಕೆಂಪು ಚುಕ್ಕೆ ತೋರಿಸುವ ಗಾಜಿನ ಸೈಟ್) ಇದ್ದರೆ ಅದರ ತಳದ ಸ್ಕ್ರೂ, ಇಲ್ಲದಿದ್ದರೆ ಹಿಂದಿನ ಸೈಟ್ ಕೂತಿರುವ ಸ್ಲೈಡಿನ ತೋಡು. ಸೈಟಿನಿಂದ ಸ್ಲೈಡಿಗೆ ಅಡ್ಡಲಾಗಿ ಬಣ್ಣದಲ್ಲಿ ಒಂದು ಗೆರೆ ಎಳೆದಿಟ್ಟರೆ 50 ಗುಂಡಿನ ನಂತರ ಗೆರೆ ತುಂಡಾಗಿದೆಯೋ ಇಲ್ಲವೋ ಅದೇ ಹೇಳುತ್ತದೆ. ಆಮೇಲೆ ಲಾಕಪ್, ಅಂದರೆ ಸ್ಲೈಡ್ ಮುಚ್ಚಿದಾಗ ಬ್ಯಾರೆಲ್ ಅದಕ್ಕೆ ಬಿಗಿಯಾಗಿ ಕೂರುವ ರೀತಿ. ಸೈಟ್ ಇರುವುದು ಸ್ಲೈಡಿನ ಮೇಲೆ, ಹಾಗಾಗಿ ಸ್ಲೈಡ್ ಮತ್ತು ಫ್ರೇಮಿನ (ಹಿಡಿಕೆಯಿರುವ ಕೆಳಭಾಗ) ನಡುವಿನ ಅಲುಗಾಟಕ್ಕಿಂತ ಸ್ಲೈಡ್ ಮತ್ತು ಬ್ಯಾರೆಲ್ಲಿನ ನಡುವಿನ ಅಲುಗಾಟ ಮುಖ್ಯ. ಖಾಲಿ ಪಿಸ್ತೂಲಿನ ಸ್ಲೈಡ್ ಪೂರ್ತಿ ಮುಂದಿರುವಾಗ ಹುಡ್ ಮೇಲೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಬ್ಯಾರೆಲ್ ಕಣ್ಣಿಗೆ ಕಾಣುವಷ್ಟು ಕುಸಿದು ಬೆರಳು ತೆಗೆದಾಗ ಮೇಲೇಳುತ್ತಿದ್ದರೆ ಲಾಕಪ್ ಸಡಿಲವಾಗಿದೆ. ಇಂಥ ಪಿಸ್ತೂಲಿನ ಗ್ರೂಪ್ ಅಡ್ಡಕ್ಕಿಂತ ಉದ್ದುದ್ದಕ್ಕೆ ಹರಡುತ್ತದೆ. ಹೀಗಾಗಲು ಒಂದು ಕಾರಣ ಸುಸ್ತಾದ ರಿಕಾಯಿಲ್ ಸ್ಪ್ರಿಂಗ್ (ಹಿಂದೆ ಸರಿದ ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವುದು). ಹಲವು ತಯಾರಕರು 3,000ದಿಂದ 5,000 ಗುಂಡಿಗೊಮ್ಮೆ ಅದನ್ನು ಬದಲಿಸಲು ಹೇಳುತ್ತಾರೆ. ನಿಮ್ಮ ಸ್ಪ್ರಿಂಗ್ 18,000ದವರೆಗೂ ಮೊದಲಿನದೇ ಆಗಿದ್ದರೆ ಸ್ಲೈಡ್ ಅಷ್ಟು ದಿನವೂ ಬ್ಯಾರೆಲ್ಲಿನ ಲಗ್ಗಿಗೆ, ಸ್ಲೈಡ್ ಸ್ಟಾಪಿನ ಕಡ್ಡಿಗೆ ಸುತ್ತಿಗೆಯಂತೆ ಬಡಿದಿದೆ. ಆದ್ದರಿಂದ ಅವರು ಸ್ಪ್ರಿಂಗ್ ಬದಲಿಸಿದ್ದು ಸರಿಯಾದ ಕೆಲಸವೇ, ಆದರೆ ಆಗಿಹೋದ ಪೆಟ್ಟನ್ನು ಅದು ವಾಪಸ್ ತರುವುದಿಲ್ಲ.

ಇಷ್ಟಾದ ಮೇಲೆ ಕಾಗದದ ಮೇಲಿನ ಸಾಕ್ಷಿ. ಮರಳು ಚೀಲದ ಮೇಲೆ ಫ್ರೇಮ್ ಅಥವಾ ಮಣಿಕಟ್ಟನ್ನು ಊರಿ ಹೊಡೆಯಿರಿ. ಬ್ಯಾರೆಲ್ ಅಥವಾ ಸ್ಲೈಡ್ ಚೀಲಕ್ಕೆ ತಾಗಬಾರದು. 25 ಮೀಟರ್, ಒಂದೇ ಬ್ಯಾಚಿನ ಕಾರ್ಖಾನೆ ಗುಂಡು, ಒಂದೊಂದು ಕಾಗದಕ್ಕೆ 10ರಂತೆ ಐದು ಕಾಗದ. ಐದು ಗುಂಡಿನ ಒಂದೇ ಗ್ರೂಪಿನಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಅದೇ ಪಿಸ್ತೂಲು, ಅದೇ ಗುಂಡು ಒಮ್ಮೆ 5 ಸೆಂ.ಮೀ. ಕೊಟ್ಟು ಮರುಕ್ಷಣ 9 ಕೊಡಬಹುದು, ಎರಡೂ ಬರೀ ಯೋಗಾಯೋಗ. ಪ್ರತಿ ಮ್ಯಾಗಜೀನಿನ ಮೊದಲ ಗುಂಡಿನ ತೂತಿಗೆ ಗುರುತು ಹಾಕಿ. ಅದನ್ನು ಲೋಡ್ ಮಾಡಿದ್ದು ನಿಮ್ಮ ಕೈ, ಉಳಿದವನ್ನು ಸ್ಲೈಡೇ. ಮೊದಲ ತೂತುಗಳು ಐದೂ ಕಾಗದದಲ್ಲಿ ಒಂದೇ ಕಡೆ ದೂರ ಬಿದ್ದಿದ್ದರೆ ದೋಷ ಲಾಕಪ್ಪಿನಲ್ಲಿದೆ ಎಂದರ್ಥ, ರೈಫ್ಲಿಂಗಿನಲ್ಲಲ್ಲ. ನಂತರ ಅದೇ ಬ್ಯಾಚಿನ ಗುಂಡನ್ನು ಬೇರೆ ಪಿಸ್ತೂಲಿನಲ್ಲಿ, ನಿಮ್ಮ ಪಿಸ್ತೂಲನ್ನು ಬೇರೊಬ್ಬ ಶೂಟರ್ ಕೈಯಲ್ಲಿ ಪರೀಕ್ಷಿಸಿ. ಹೋಲಿಕೆಗೆ ಇರಲಿ: ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ ಐ.ಎಸ್.ಎಸ್.ಎಫ್.ನ 25 ಮೀಟರ್ ಪ್ರಿಸಿಷನ್ ಗುರಿಹಲಗೆಯ ಹತ್ತರ ವರ್ತುಲ 50 ಮಿ.ಮೀ. ವ್ಯಾಸದ್ದು.

ಸೀಸ ತೆಗೆದ ಮೇಲೆ ಕಾರ್ಖಾನೆ ಗುಂಡು ಮತ್ತೆ 6 ಸೆಂ.ಮೀ.ಗೆ ಬಂದರೆ ನಿಮ್ಮ ಬ್ಯಾರೆಲ್ಲಿಗೆ ಏನೂ ಆಗಿಲ್ಲ. ಬರದಿದ್ದರೆ, ಅಳತೆಯೋ ಲಾಕಪ್ಪೋ ದೋಷ ತೋರಿಸಿದರೆ, ಆಗ ಕಂಪನಿಯ ಕಡೆ ತಿರುಗಿ.

ಸರ್ವಿಸ್ ವರ್ಕ್‌ಶಾಪಿನಲ್ಲಿ ನಡೆಯುವುದು ಏನು ಎಂಬುದು ಗೊತ್ತಿದ್ದರೆ ಪತ್ರ ಹೇಗಿರಬೇಕು ಎಂಬುದೂ ತಿಳಿಯುತ್ತದೆ. ‘ನಿಖರತೆ ಕಡಿಮೆಯಾಗಿದೆ’ ಎಂಬ ದೂರು ಬಂದಾಗ ಮೆಕ್ಯಾನಿಕ್ ಪಿಸ್ತೂಲನ್ನು ಶುಚಿ ಮಾಡುತ್ತಾರೆ, ಗೇಜ್ ಹಾಕುತ್ತಾರೆ, ಒಂದೆರಡು ಮ್ಯಾಗಜೀನ್ ಹಾರಿಸಿ ಜ್ಯಾಮ್ ಆಗುವುದೋ ನೋಡುತ್ತಾರೆ. ಜ್ಯಾಮ್ ಆಗದಿದ್ದರೆ ಅವರ ಮಟ್ಟಿಗೆ ಪಿಸ್ತೂಲು ಸರಿಯಿದೆ. ಏನಾದರೂ ಮಾಡಿದಂತಿರಲಿ ಎಂದು ಸ್ಪ್ರಿಂಗ್, ಪಾಲಿಶ್. ನಿಮ್ಮ ದೂರಿನಲ್ಲಿ ದೂರ, ಗುಂಡು, ಎಷ್ಟು ಸೆಂಟಿಮೀಟರ್ ಎಂಬುದು ಇಲ್ಲದಿದ್ದರೆ ಅವರು ಯಾವುದನ್ನು ಮರಳಿ ಅಳೆಯಬೇಕು? ನಿಮ್ಮ ನಿರಾಶೆ ಅರ್ಥವಾಗುವಂಥದ್ದೇ. ಏಳು ವಾರ ಕಾದು ಮೂರು ಸಾಲಿನ ಚೀಟಿ ಪಡೆಯುವುದು ಯಾರಿಗೂ ಸಾಲದು. ಆದರೂ ಎರಡನೇ ಪತ್ರದಲ್ಲಿ ಆ ಸಿಟ್ಟಿಗೆ ಜಾಗ ಕೊಡದೆ ಹೀಗೆ ಬರೆಯಿರಿ:

“ಕ್ರಮಸಂಖ್ಯೆ ಇಂಥದ್ದು. ಇಂಥ ದಿನಾಂಕದ ನಿಮ್ಮ ದುರಸ್ತಿ ಚೀಟಿಯ ಪ್ರತಿ ಜೊತೆಗಿದೆ. ಮೊದಲ ದೂರು ಕೊಟ್ಟದ್ದು ವಾರಂಟಿ ಅವಧಿಯೊಳಗೆ, ಇಂಥ ದಿನ. ದುರಸ್ತಿಯ ನಂತರ, ಬ್ಯಾರೆಲ್ಲಿನ ಸೀಸವನ್ನು ಪೂರ್ತಿ ತೆಗೆದು, ಇಂಥ ತಯಾರಕರ ಇಂಥ ಬ್ಯಾಚಿನ 8 ಗ್ರಾಂ ಹೊದಿಕೆಯ ಗುಂಡಿನಲ್ಲಿ, 25 ಮೀಟರಿನಲ್ಲಿ, ಊರಿ ಹೊಡೆದ 10 ಗುಂಡಿನ ಐದು ಗ್ರೂಪಿನ ಸರಾಸರಿ 13 ಸೆಂ.ಮೀ. ಅದೇ ಗುಂಡು ಇನ್ನೊಂದು ಪಿಸ್ತೂಲಿನಲ್ಲಿ 6 ಸೆಂ.ಮೀ. ತೋಡಿನ ವ್ಯಾಸ ಇಷ್ಟು ಅಳತೆ ಬಂದಿದೆ. ದಯವಿಟ್ಟು ನೀವು ಅಳೆದ ತೋಡಿನ ವ್ಯಾಸ, ನಿಮ್ಮ ಮಿತಿ, ನೀವು ಹೊಡೆದ ಗುರಿಕಾಗದ, ದೂರ ಮತ್ತು ಗುಂಡಿನ ವಿವರವನ್ನು ಬರಹದಲ್ಲಿ ಕೊಡಿ. ನಿಮ್ಮ ಪರೀಕ್ಷೆಯಲ್ಲೂ ಇದೇ ಫಲಿತಾಂಶ ಬಂದರೆ ಬ್ಯಾರೆಲ್ ಬದಲಿಸಿಕೊಡಬೇಕೆಂದು ಕೋರುತ್ತೇನೆ.”

ಇಲ್ಲಿನ ಅಂಕಿಗಳು ಮಾದರಿಗೆ, ನಿಮ್ಮದನ್ನು ಹಾಕಿ. ರೀಲೋಡ್ ವಿಷಯವನ್ನು ಮುಚ್ಚಿಡಬೇಡಿ. ರೀಲೋಡ್ ಮಾಡಿದ ಗುಂಡು ಬಳಸಿದರೆ ವಾರಂಟಿ ಇಲ್ಲ ಎಂದು ಹೆಚ್ಚಿನ ಕಾರ್ಡುಗಳಲ್ಲೇ ಅಚ್ಚಾಗಿರುತ್ತದೆ, ಬ್ಯಾರೆಲ್ಲಿನಲ್ಲಿ ಉಳಿದ ಸೀಸ ಅವರಿಗೆ ಎಲ್ಲವನ್ನೂ ಹೇಳಿರುತ್ತದೆ. ಕೇಳಿದರೆ ನಿಜ ಹೇಳಿ, ಆದರೆ ದೂರು ನಿಂತಿರುವುದು ಕಾರ್ಖಾನೆ ಗುಂಡಿನ ಫಲಿತಾಂಶದ ಮೇಲೆ ಎಂಬುದನ್ನು ತೋರಿಸಿ. ‘ಸಹಜ ಸವೆತ’ ವಾರಂಟಿಯಿಂದ ಹೊರಗೆ. ಹಾಗಾಗಿ ಪತ್ರದಲ್ಲಿ ಸವೆತ ಎಂಬ ಪದವನ್ನೇ ಬಳಸಬೇಡಿ. ಅಳತೆ, ಗ್ರೂಪ್, ಲಾಕಪ್ ಎಂದೇ ಬರೆಯಿರಿ. ಹಲವು ದೇಶಗಳಲ್ಲಿ ತಯಾರಕರ ವಾರಂಟಿ ಬೇರೆ, ಮಾರಿದವರ ಮೇಲೆ ಕಾನೂನು ಹೊರಿಸುವ ಹೊಣೆ ಬೇರೆ. ಮೊದಲನೆಯದು ಮುಚ್ಚಿದರೂ ಎರಡನೆಯದು ತೆರೆದಿರಬಹುದು, ಅಂಗಡಿಯವರಿಗೂ ಪ್ರತಿ ಕಳಿಸಿ.

ಕಳಿಸುವ ಮುಂಚೆ ನೀವು ಹಾಕಿಸಿದ ಟ್ರಿಗರ್, ಸ್ಪ್ರಿಂಗ್, ಸೈಟ್ ತೆಗೆದು ಮೂಲದವನ್ನು ಹಾಕಿ. ಇಲ್ಲದಿದ್ದರೆ ಅವರು ಕಾರ್ಖಾನೆಯ ಭಾಗ ಹಾಕಿ ನಿಮ್ಮವನ್ನು ಬಿಸಾಡಿರುತ್ತಾರೆ. ಬ್ಯಾರೆಲ್ ಮೇಲಿನ ಸಂಖ್ಯೆ, ಪ್ರೂಫ್ ಗುರುತು (ಒತ್ತಡ ಪರೀಕ್ಷೆ ಪಾಸಾದ ಮುದ್ರೆ), ಹುಡ್, ಲಗ್, ರ‍್ಯಾಂಪ್, ಮೂತಿ, ಸ್ಲೈಡಿನ ಎರಡೂ ಮಗ್ಗುಲು, ಪ್ರತಿಯೊಂದರ ಫೋಟೊ ಇರಲಿ. ಬ್ಯಾರೆಲ್ಲೂ ಎಷ್ಟೋ ದೇಶಗಳಲ್ಲಿ ಪರವಾನಗಿ ಬೇಕಾದ ಭಾಗ. ಸಾಗಣೆಯ ಕಾಗದಪತ್ರವನ್ನು ಪರವಾನಗಿ ಹೊಂದಿದ ಡೀಲರ್ ಮೂಲಕವೇ ಮಾಡಿಸಿ. ವಾಪಸ್ ಬಂದಾಗ ಡೀಲರ್ ಮುಂದೆಯೇ ಪೆಟ್ಟಿಗೆ ತೆರೆದು ಸಂಖ್ಯೆ ಹೋಲಿಸಿ, ಗೀರು ಬಿದ್ದಿದ್ದರೆ ರಸೀದಿಯ ಮೇಲೆ ಬರೆಸಿ. ಮನೆಯಲ್ಲಿ ಮತ್ತೆ ಅದೇ ರ‍್ಯಾಂಪ್ ಪರೀಕ್ಷೆ, ಹೆಬ್ಬೆರಳಿನ ಪರೀಕ್ಷೆ, ಆಮೇಲೆ ಕಾಗದ.

ಎರಡನೇ ಸಲವೂ ಬರೀ ‘ಮಿತಿಯೊಳಗಿದೆ’ ಎಂದು ಬಂದರೆ ಮೂರನೇ ಸಲ ಕಳಿಸುವುದು ನನ್ನ ಮಟ್ಟಿಗೆ ವ್ಯರ್ಥ. ಬ್ಯಾರೆಲ್ ಸವೆದು ಹೋಗಬೇಕಾದ ಭಾಗವೇ. 18,000 ಗುಂಡಿಗೆ ನೀವು ಕೊಟ್ಟಿರುವ ದುಡ್ಡಿನ ಪಕ್ಕದಲ್ಲಿ ಅದರ ಬೆಲೆ ಸಣ್ಣದು, ಕಳೆದುಹೋಗುವ ಅಭ್ಯಾಸದ ತಿಂಗಳುಗಳು ಅದಕ್ಕಿಂತ ದೊಡ್ಡವು. ಹೊಸದರಲ್ಲಿ ಎರಡು ಬಗೆ. ನೇರ ಹಾಕಿಕೊಳ್ಳುವಂಥದ್ದು ಎಲ್ಲ ಪಿಸ್ತೂಲಿಗೂ ಕೂರಬೇಕಾದ್ದರಿಂದ ಕೊಂಚ ಸಡಿಲವಾಗಿಯೇ ಇರುತ್ತದೆ. ಲಾಕಪ್ ದೋಷ ಅದರಿಂದ ಪೂರ್ತಿ ಹೋಗುವುದಿಲ್ಲ. ಇನ್ನೊಂದರಲ್ಲಿ ಹುಡ್ ಮತ್ತು ಲಗ್ ಮೇಲೆ ಹೆಚ್ಚುವರಿ ಉಕ್ಕು ಬಿಟ್ಟಿರುತ್ತಾರೆ, ಗನ್‌ಸ್ಮಿತ್ ನಿಮ್ಮ ಸ್ಲೈಡಿಗೆ ತಕ್ಕಂತೆ ಅರದಲ್ಲಿ ಉಜ್ಜಿ ಕೂರಿಸುತ್ತಾರೆ. ನಿಖರತೆಗೆ ಎರಡನೆಯದೇ. ಆದರೆ ತೀರ ಬಿಗಿ ಕೂರಿಸಿದರೆ ಕೊಳೆ ಕೂತಾಗ ಸ್ಲೈಡ್ ಪೂರ್ತಿ ಮುಚ್ಚುವುದಿಲ್ಲ. ಯಾವುದೇ ಆದರೂ ಹೆಡ್‌ಸ್ಪೇಸ್ (ಚೇಂಬರಿನಲ್ಲಿ ಕಾರ್ಟ್ರಿಜ್ ಕೂರುವ ಆಳ) ಗೇಜ್ ಹಾಕಿಸದೆ ಹಾರಿಸಬೇಡಿ. 9×19 ಕೂರುವುದು ಕೇಸಿನ ಬಾಯಂಚಿನ ಮೇಲೆ, ಅಮೆರಿಕದ ಬಂದೂಕು-ಗುಂಡು ತಯಾರಕರ ಸಂಘ ಎಸ್.ಎ.ಎ.ಎಂ.ಐ.ಯ ಮಾನದಂಡದಲ್ಲಿ ಚೇಂಬರಿನ ಆ ಅಳತೆ 19.15ರಿಂದ 19.71 ಮಿ.ಮೀ. ಒಳಗಿರಬೇಕು. ಸಿ.ಐ.ಪಿ. ಸದಸ್ಯ ದೇಶಗಳಲ್ಲಿ ಪಿಸ್ತೂಲಿನ ಬ್ಯಾರೆಲ್ಲನ್ನು ಗರಿಷ್ಠ ಒತ್ತಡಕ್ಕಿಂತ 30% ಹೆಚ್ಚಿನ ಕಾರ್ಟ್ರಿಜ್‌ನಿಂದ ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಮುದ್ರೆ ಇಲ್ಲದ ಬ್ಯಾರೆಲ್ ಅಲ್ಲಿ ಕೊಳ್ಳಬೇಡಿ.

ಸ್ಲೈಡಿನ ಒಳಗಿನ ಲಾಕ್ ಅಂಚು ಉರುಟಾಗಿದ್ದರೆ ಹೊಸ ಬ್ಯಾರೆಲ್ಲೂ ಅಲುಗಾಡುತ್ತದೆ, ಹಣ ಕೊಡುವ ಮುಂಚೆ ಗನ್‌ಸ್ಮಿತ್ ಹತ್ತಿರ ಅದನ್ನು ನೋಡಿಸಿ. ಬ್ಯಾರೆಲ್ ಕೂರಿಸಿದ ದಿನವೇ ಸೀಸದ ತುಂಡು ಹಾಯಿಸಿ ತೋಡಿನ ಅಳತೆ ಬರೆದುಕೊಳ್ಳಿ, ಕ್ಲಬ್ಬಿನವರಿಗೆ ಆ ಅಳತೆ ಕೊಟ್ಟು ಅದಕ್ಕೆ ತಕ್ಕ ಗುಂಡು ಕೇಳಿ. ಮೊದಲ 200 ಗುಂಡು ಕಾರ್ಖಾನೆಯದೇ ಹಾರಿಸಿ, ಊರಿ ಹೊಡೆದ ಐದು ಕಾಗದಗಳ ಹಿಂದೆ ದಿನಾಂಕ, ಬ್ಯಾಚ್, ಒಟ್ಟು ಗುಂಡಿನ ಸಂಖ್ಯೆ ಬರೆದು ಪಿಸ್ತೂಲಿನ ಪುಸ್ತಕದ ಜೊತೆ ಎತ್ತಿಡಿ. ಮುಂದೆ 5,000ಕ್ಕೊಮ್ಮೆ ಸ್ಪ್ರಿಂಗ್ ಬದಲಿಸುವಾಗ ಅದೇ ಗುಂಡಿನಲ್ಲಿ ಇನ್ನೈದು ಕಾಗದ ಹೊಡೆದು ಪಕ್ಕದಲ್ಲಿಟ್ಟು ನೋಡಿ.